ತು ಯೂಯೂ: ಔಷಧಿಯ ಹಿಂದಿನ ತಾಯಿ



ಇದೇ ಮುಂಬೈಯ ಲ್ಯಾಬಿನಲ್ಲಿ ಮೂವತ್ತು ವರ್ಷ ಮಲೇರಿಯಾ ಸ್ಲೈಡ್ ನೋಡಿದವಳು ನಾನು. ಮಗನನ್ನು ಧಾರವಾಡದಲ್ಲಿ ಅಮ್ಮನ ಬಳಿ ಬಿಟ್ಟಿದ್ದೆ. ಒಮ್ಮೆ ಊರಿಗೆ ಹೋದಾಗ ಅವನು ನನ್ನನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡ. ಆ ನೋವಿನಿಂದಲೇ ಚೀನಾದ ವಿಜ್ಞಾನಿ ತು ಯೂಯೂ ನನಗೆ ಹತ್ತಿರವಾದರು.

ಅವರು ಹುಟ್ಟಿದ್ದು 1930ರಲ್ಲಿ. ಹದಿನಾರರಲ್ಲಿ ಕ್ಷಯ ಬಂದು ಓದು ನಿಂತಿತು. ಗುಣವಾದ ಮೇಲೆ ಔಷಧಶಾಸ್ತ್ರವನ್ನೇ ಆರಿಸಿಕೊಂಡರು. 1969ರಲ್ಲಿ ಸರ್ಕಾರದ ರಹಸ್ಯ ಮಲೇರಿಯಾ ಯೋಜನೆಯ ಹೊಣೆ ಬಂತು. ಪತಿಯನ್ನು ಆಗಲೇ ದೂರದ ಹಳ್ಳಿಗೆ ಕಳುಹಿಸಿದ್ದರು. ನಾಲ್ಕು ವರ್ಷದ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಹೈನಾನ್ ದ್ವೀಪಕ್ಕೆ ಹೊರಟರು. ಮರಳಿದಾಗ ಮಗಳಿಗೆ ಅಮ್ಮನ ಗುರುತೇ ಸಿಗಲಿಲ್ಲ.

ಚಿಂಗ್‌ಹಾವ್ ಗಿಡದ ಸಾರ ಒಮ್ಮೆ ಫಲಿಸಿದರೆ ಇನ್ನೊಮ್ಮೆ ಇಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್‌ನ ವೈದ್ಯಗ್ರಂಥದಲ್ಲಿ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದಿತ್ತು, ಕುದಿಸುವ ಮಾತಿರಲಿಲ್ಲ. ಬಿಸಿಗೆ ಸತ್ವ ಕೆಡಬಹುದೆಂದು ಹೊಳೆದು, ಈಥರ್ ಬಳಸಿ ಕಡಿಮೆ ಶಾಖದಲ್ಲಿ ಸಾರ ತೆಗೆದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳಲ್ಲಿ ಪೂರ್ತಿ ಫಲಿಸಿತು. ರೋಗಿಗಳಿಗೆ ಕೊಡುವ ಮೊದಲು ತಾವೇ ಸೇವಿಸಿ ನೋಡಿದರು. ಆ ಸಾರದಿಂದ ಬೇರ್ಪಡಿಸಿದ್ದೇ ಆರ್ಟಿಮಿಸಿನಿನ್. ಪಿಎಚ್‌ಡಿ ಇಲ್ಲದ ಅವರಿಗೆ 2015ರಲ್ಲಿ, 84ರ ವಯಸ್ಸಿನಲ್ಲಿ ನೊಬೆಲ್ ಬಂತು.

ಇಂದು ನಮ್ಮಲ್ಲೂ ಫಾಲ್ಸಿಪಾರಂ ಮಲೇರಿಯಾಕ್ಕೆ ಇದೇ ಮೂಲದ ಔಷಧಿಯನ್ನು ಮತ್ತೊಂದರ ಜೊತೆ ಕೊಡುತ್ತಾರೆ. ಎಷ್ಟೋ ತಾಯಂದಿರ ಮಡಿಲು ಉಳಿದಿದೆ. ಅದರ ಬೆಲೆಯಲ್ಲಿ ಆ ಪುಟ್ಟ ಹುಡುಗಿಯ ಪಾಲೂ ಇದೆ.

ಹಾಗಾಗಿ ಒಂದೇ ಕೋರಿಕೆ. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವ ಸೊಸೆಯನ್ನೋ ನೆರೆಯವಳನ್ನೋ ಆಡಿಕೊಳ್ಳಬೇಡಿ. ಆ ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳಿ.