ಓದಲಾಗದ ಕಾಗದಕ್ಕೆ ನಮ್ಮ ಸಹಿ
(ಜುಮಾ ಖುತ್ಬಾದ ಸಾರಾಂಶ)



ಮದೀನಾದಲ್ಲಿ ಪ್ರವಾದಿ(ಸ)ರಿಗೆ ಯಹೂದಿಯರಿಂದ ಪತ್ರಗಳು ಬರುತ್ತಿದ್ದವು. ಅವನ್ನು ಬೇರೆಯವರಿಂದ ಓದಿಸಿದಾಗ ಇದ್ದುದನ್ನು ಇದ್ದಂತೆ ಹೇಳುತ್ತಾರೆಂಬ ಭರವಸೆ ಇರಲಿಲ್ಲ. ಆಗ ಪ್ರವಾದಿ(ಸ) ಹರೆಯದ ಸಹಾಬಿ ಝೈದ್ ಬಿನ್ ಸಾಬಿತ್(ರ)ರಿಗೆ ಆ ಬರಹವನ್ನು ಕಲಿಯಲು ಹೇಳಿದರು. ಅರ್ಧ ತಿಂಗಳೊಳಗೆ ಅವರು ಕಲಿತರೆಂದು ತಿರ್ಮಿದಿಯ ಹದೀಸ್‌ನಲ್ಲಿದೆ. ಮುಂದೆ ಪತ್ರ ಓದುತ್ತಿದ್ದವರೂ ಉತ್ತರ ಬರೆಯುತ್ತಿದ್ದವರೂ ಅವರೇ. ಕುರ್‌ಆನನ್ನು ಗ್ರಂಥರೂಪದಲ್ಲಿ ಸಂಗ್ರಹಿಸುವ ಹೊಣೆಯನ್ನು ಅಬೂಬಕರ್(ರ) ಒಪ್ಪಿಸಿದ್ದೂ ಇದೇ ಝೈದ್(ರ)ರಿಗೆ. ಪರಭಾಷೆ ಅವರ ಈಮಾನನ್ನು ಕುಂದಿಸಲಿಲ್ಲ.

ಇಂದು ನಮ್ಮ ಸ್ಥಿತಿ ಏನು? ಗಲ್ಫ್‌ಗೆ ಹೊರಟ ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಇಂಗ್ಲಿಷ್ ಕರಾರು ಪತ್ರಕ್ಕೆ ಓದದೆ ಸಹಿ ಹಾಕುತ್ತಾರೆ. ಸಂಬಳ, ಕೆಲಸದ ತಾಸು, ರಜೆ ಎಲ್ಲವೂ ಏಜೆಂಟ್ ಹೇಳಿದಂತೆ ಎಂದು ನಂಬುತ್ತಾರೆ. ಅಲ್ಲಿ ತಲುಪಿದ ಮೇಲೆ ಕಾಗದದಲ್ಲಿರುವುದು ಬೇರೆ ಎಂದು ತಿಳಿಯುತ್ತದೆ. ಇತ್ತ ಮನೆಯಲ್ಲಿ ತಾಯಂದಿರು ಔಷಧಿಯ ಚೀಟಿ ಹಿಡಿದು ಪಕ್ಕದ ಮನೆಯ ಮಗುವನ್ನು ಕಾಯುತ್ತಾರೆ.

ಇದಕ್ಕಾಗಿ ಸ್ವಯಂಸೇವಾ ಸಂಸ್ಥೆಗಳು ಮೊಹಲ್ಲಾಗಳಿಗೆ ಬಂದು ಇಂಗ್ಲಿಷ್ ಕಲಿಸಲು ಸಿದ್ಧವಿರುವಾಗ ನಾವು ಹಿಂಜರಿಯುತ್ತೇವೆ. ಕಲಿಸುವವರು ನಮ್ಮವರಲ್ಲ ಎನ್ನುತ್ತೇವೆ. ಬದ್ರ್‌ನ ಕೈದಿಗಳಲ್ಲಿ ಹಣವಿಲ್ಲದ, ಅಕ್ಷರ ಬಲ್ಲವರು ತಲಾ 10 ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಪಡೆದರೆಂದು ಇತಿಹಾಸದಲ್ಲಿ ವರದಿಯಾಗಿದೆ. ನಿನ್ನೆ ಖಡ್ಗ ಹಿಡಿದು ಬಂದವರಿಂದಲೂ ಅಕ್ಷರ ಕಲಿಸಲಾಯಿತು. ನಮ್ಮ ಅಂಗಳಕ್ಕೆ ಪ್ರೀತಿಯಿಂದ ಬಂದವರನ್ನು ದೂರವಿಡಲು ನಮಗೆ ಕಾರಣವೇನಿದೆ?

ಸಂಸ್ಥೆಯವರು ಶಿಕ್ಷಕರನ್ನು ಕೊಡಲಿ, ನಾವು ಜಾಗ ಕೊಡೋಣ. ಮಗ್ರಿಬ್‌ನಿಂದ ಇಶಾದವರೆಗೆ ಮದ್ರಸದ ಕೋಣೆಯಲ್ಲಿ ಯುವಕರಿಗೆ, ಮಧ್ಯಾಹ್ನ ಮಹಿಳೆಯರಿಗೆ ತರಗತಿ ನಡೆಯಲಿ. ವ್ಯಾಕರಣದಿಂದಲೇ ಶುರುಮಾಡಬೇಕೆಂದಿಲ್ಲ. ಕರಾರು ಪತ್ರ, ಬ್ಯಾಂಕಿನ ಅರ್ಜಿ, ಔಷಧಿಯ ಚೀಟಿ, ಇವೇ ಮೊದಲ ಪಾಠವಾಗಲಿ. ಅರ್ಥವನ್ನು ಮನೆಮಾತಿನಲ್ಲೇ ಬಿಡಿಸಿ ಹೇಳಲಿ.

ಕಲಿತವರಿಗೂ ಒಂದು ಮಾತು. ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುವ ಅಲ್ ಬಕರ ಅಧ್ಯಾಯದ 282ನೇ ಸೂಕ್ತವು, ಬರೆಯಬಲ್ಲವನು ಬರೆದುಕೊಡಲು ನಿರಾಕರಿಸಬಾರದು ಎಂದೂ ತಿಳಿಸುತ್ತದೆ. ಆ ವಿದ್ಯೆ ಅಲ್ಲಾಹನು ಕಲಿಸಿದ್ದು. ನಮ್ಮಲ್ಲಿ ಪದವೀಧರರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ವಾರಕ್ಕೆ ಎರಡು ಸಂಜೆ ಕೊಡೋಣ. ಎರಡು ವಾರ ಬಂದು ಫೋಟೊ ತೆಗೆಸಿ ಹೋಗುವುದು ಬೇಡ. ಎದುರು ಕುಳಿತವರು ತಾವೇ ಓದುವ ತನಕ ಜೊತೆಗಿರೋಣ.

ನಮಗೆ ಉಪಯುಕ್ತ ಜ್ಞಾನವನ್ನೂ ಅದನ್ನು ಹಂಚುವ ಮನಸ್ಸನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.