ಸಂಗೀತಗಾರರ ಜೀವನಕಥೆ: ಕಲ್ಪನೆ ಎಲ್ಲಿಯವರೆಗೆ?

(ಶಾಖಾಮಠದ ಆರಾಧನಾ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡಬಲ್ಲರು, ಓದಲಾರರು. ಪುರಂದರದಾಸರಾಗಲಿ, ತ್ಯಾಗರಾಜರಾಗಲಿ, ತಾನಸೇನನಾಗಲಿ ಅವರಿಗೆ ಪರಿಚಿತರಾಗುವುದು ಚಲನಚಿತ್ರದಿಂದ, ನಾಟಕದಿಂದ, ದೂರದರ್ಶನದ ಧಾರಾವಾಹಿಯಿಂದ. ಗ್ರಂಥವನ್ನು ತೆರೆದು ‘ಇದು ಹೀಗೆಯೇ ನಡೆಯಿತೇ?’ ಎಂದು ನೋಡುವ ಅನುಕೂಲ ಅವರಿಗಿಲ್ಲ. ರಂಗದ ಮೇಲೆ ಕಂಡದ್ದೇ ಅವರ ಪಾಲಿನ ಇತಿಹಾಸ. ಆದುದರಿಂದ, ನಿಜವಾಗಿ ಬಾಳಿದ ಸಂಗೀತಗಾರನೊಬ್ಬನನ್ನು ಕುರಿತು ಕಥೆ ಕಟ್ಟುವವನು ಸತ್ಯಕ್ಕೆ ಎಷ್ಟರಮಟ್ಟಿಗೆ ಬದ್ಧನು ಎಂಬ ಪ್ರಶ್ನೆ ಪಂಡಿತರಿಗೆ ಮಾತ್ರ ಸಂಬಂಧಿಸಿದುದಲ್ಲ.

ಈ ವಿಚಾರದಲ್ಲಿ ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ನನಗೆ ಅದು ಸಮ್ಮತವಲ್ಲ. ಪುರಂದರದಾಸರ ಜನ್ಮಸ್ಥಳವು ಪುಣೆಯ ಸಮೀಪದ ಪುರಂದರಗಡವೆಂಬುದು ಬಹುಕಾಲದಿಂದ ಬಂದ ನಂಬಿಕೆ. ಮಲೆನಾಡಿನ ತೀರ್ಥಹಳ್ಳಿಯ ಸೀಮೆಯೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ನಾಟಕಕಾರನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಮಡದಿಯ ಮೂಗುತಿಯ ಪ್ರಸಂಗದಲ್ಲಿ ಶ್ರೀನಿವಾಸ ನಾಯಕರ ಮನೆಯೊಳಗೆ ನಡೆದ ಮಾತುಕತೆಯನ್ನು ಪಕ್ಕದಲ್ಲಿ ಕುಳಿತು ಯಾರೂ ಬರೆದಿಡಲಿಲ್ಲ. ಡಾ. ರಾಜಕುಮಾರ್ ಅವರು ದಾಸರ ಪಾತ್ರವನ್ನು ಅಭಿನಯಿಸಿದ 1964ರ ‘ನವಕೋಟಿ ನಾರಾಯಣ’ ಚಿತ್ರದ ಸಂಭಾಷಣೆಗಳೂ ಹೀಗೆ ಕಟ್ಟಿದವೇ. ದಾಖಲೆ ಮೌನವಾಗಿರುವ ಕಡೆ ಕಲ್ಪನೆ ಮಾತನಾಡಿದರೆ ಯಾರ ಮಾನಕ್ಕೂ ಚ್ಯುತಿಯಿಲ್ಲ.

ಕಾಲವ್ಯತ್ಯಾಸವನ್ನೂ ಒಂದು ಮಿತಿಯವರೆಗೆ ಸಹಿಸಬಹುದು. ಮುಂಬಯಿಯಲ್ಲಿ ತಯಾರಾದ, ವಿಜಯ ಭಟ್ಟರು ನಿರ್ದೇಶಿಸಿದ 1952ರ ‘ಬೈಜೂ ಬಾವರಾ’ ಚಿತ್ರವನ್ನು ಇಲ್ಲಿಯ ಹಿರಿಯರು ಮರೆತಿರಲಾರರು. ನೌಷಾದರ ಸಂಗೀತ, ಸ್ಪರ್ಧೆಯ ದೃಶ್ಯದಲ್ಲಿ ತಾನಸೇನನಿಗೆ ಉಸ್ತಾದ್ ಅಮೀರ್ ಖಾನರ ಕಂಠ, ಬೈಜೂವಿಗೆ ಡಿ. ವಿ. ಪಲುಸ್ಕರರ ಕಂಠ. ಕೇಳುತ್ತ ಕುಳಿತವನಿಗೆ ಇತಿಹಾಸ ನೆನಪಾಗುವುದಾದರೂ ಹೇಗೆ! ಆದರೆ ಬೈಜೂವನ್ನು ಸಾಮಾನ್ಯವಾಗಿ ಗ್ವಾಲಿಯರಿನ ರಾಜಾ ಮಾನಸಿಂಹ ತೋಮರನ ಕಾಲದವನೆಂದು ಹೇಳುತ್ತಾರೆ. ಆ ರಾಜನು 1516ರಲ್ಲಿ ಮಡಿದನು. ತಾನಸೇನನು ಅಕಬರನ ಆಸ್ಥಾನಕ್ಕೆ ಬಂದದ್ದು 1562ರಲ್ಲಿ. ಹಾಗಾದರೆ ಬೈಜೂವು ಆ ವೇಳೆಗೆ ಬದುಕಿದ್ದರೂ ಮುಪ್ಪಿನ ಮುದುಕನಾಗಿದ್ದಿರಬೇಕು, ತಾರುಣ್ಯದ ಪ್ರಣಯಿಯಲ್ಲ. ಬೈಜೂವಿನ ತಂದೆಯ ಮರಣಕ್ಕೆ ತಾನಸೇನನ ಕಾವಲುಗಾರರನ್ನು ಹೊಣೆಯಾಗಿಸಿದ್ದು ನನ್ನ ಮನಸ್ಸಿಗೆ ಒಪ್ಪದ ಸಂಗತಿ. ಆದರೂ ಚಿತ್ರಕಾರರು ಕೊನೆಯಲ್ಲಿ ತಾನಸೇನನ ಮರ್ಯಾದೆಯನ್ನು ಉಳಿಸಿದ್ದಾರೆ. ಸೋತವನು ತನಗಿಂತ ಹೆಚ್ಚಿನ ಗಾಯಕನೊಬ್ಬನಿದ್ದಾನೆಂದು ಹರ್ಷಿಸುತ್ತಾನೆ.

ಇದೇ ಸೂತ್ರ, ಅಂದರೆ ಪ್ರತಿಭಾವಂತನಿಗೆ ಎದುರಾಗಿ ಆಸ್ಥಾನದ ಸಂಗೀತಗಾರನೊಬ್ಬನನ್ನು ನಿಲ್ಲಿಸುವ ಸೂತ್ರ, ಯುರೋಪಿನಲ್ಲಿ ಎಷ್ಟು ಕ್ರೂರವಾಯಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ. ವಿಯೆನ್ನಾ ನಗರದಲ್ಲಿ 1791ರ ಡಿಸೆಂಬರ್ 5ರಂದು ಮೊಟ್ಸಾರ್ಟ್ ಎಂಬ ಮಹಾ ಸಂಗೀತಕಾರನು ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಲ್ಲಿನ ಚಕ್ರವರ್ತಿಯ ಆಸ್ಥಾನ ಸಂಗೀತಗಾರನಾಗಿದ್ದವನು ಇಟಲಿಯ ಸಾಲಿಯೇರಿ. ಸಾಲಿಯೇರಿಯೇ ಮತ್ಸರದಿಂದ ವಿಷವಿಕ್ಕಿದನೆಂಬ ಗಾಳಿಮಾತು ಅವನ ವೃದ್ಧಾಪ್ಯದಲ್ಲಿ ಹಬ್ಬಿತು. ಅವನು ಆಗ ರೋಗಪೀಡಿತನಾಗಿ ಆಸ್ಪತ್ರೆಯಲ್ಲಿದ್ದನು. ನೋಡಲು ಬಂದ ಶಿಷ್ಯ ಮೊಶೆಲೆಸ್‌ನ ಮುಂದೆ ಆ ವದಂತಿಯನ್ನು ತಾನಾಗಿಯೇ ಎತ್ತಿ, ಅದರಲ್ಲಿ ಸತ್ಯಾಂಶವಿಲ್ಲವೆಂದು ಆಣೆಯಿಟ್ಟು ಹೇಳಿದನು. ಅವನು 1825ರಲ್ಲಿ ತೀರಿಕೊಂಡನು, ವದಂತಿ ತೀರಿಕೊಳ್ಳಲಿಲ್ಲ. ಐದೇ ವರ್ಷಗಳಲ್ಲಿ ರಷ್ಯದ ಮಹಾಕವಿ ಪುಷ್ಕಿನ್ ಅದನ್ನು ಕಿರುನಾಟಕವಾಗಿ ಬರೆದನು. 1979ರಲ್ಲಿ ಪೀಟರ್ ಶಾಫರನ ‘ಅಮೆಡಿಯಸ್’ ನಾಟಕ ಬಂದಿತು. 1984ರಲ್ಲಿ ಅದು ಚಲನಚಿತ್ರವಾಗಿ ಎಂಟು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು.

ಚಿತ್ರದಲ್ಲಿ ಸಾಲಿಯೇರಿಯು ದೇವರೊಡನೆ ಒಪ್ಪಂದ ಮಾಡಿಕೊಂಡು ಬ್ರಹ್ಮಚರ್ಯ ಹಿಡಿದವನು. ನಿಜಜೀವನದಲ್ಲಿ ಅವನು ಎಂಟು ಮಕ್ಕಳ ತಂದೆ. ಚಿತ್ರದಲ್ಲಿ ಮುಖವಾಡ ಧರಿಸಿ ಬಂದು ಮೃತ್ಯುಗೀತೆಯನ್ನು ರಚಿಸಲು ಹೇಳುವವನು ಅವನೇ. ನಿಜವಾಗಿ ಅದನ್ನು ದೂತನ ಮೂಲಕ ಬರೆಸಿದವನು ವಾಲ್ಸೆಗ್ ಎಂಬ ಜಮೀನುದಾರ, ತೀರಿಕೊಂಡ ತನ್ನ ಪತ್ನಿಯ ಸ್ಮರಣೆಗಾಗಿ. ಮರಣಶಯ್ಯೆಯ ಪಕ್ಕದಲ್ಲಿ ಕುಳಿತು ಸ್ವರಗಳನ್ನು ಬರೆದುಕೊಳ್ಳುವ ದೃಶ್ಯವಂತೂ ಕೇವಲ ಕಲ್ಪನೆ; ಆ ಕೃತಿಯನ್ನು ಪೂರ್ಣಗೊಳಿಸಿದವನು ಸ್ಯೂಸ್ಮಾಯರ್. ಸಾಯುವುದಕ್ಕೆ ಎರಡು ತಿಂಗಳೂ ಇಲ್ಲದಿದ್ದಾಗ, 1791ರ ಅಕ್ಟೋಬರಿನಲ್ಲಿ, ಮೊಟ್ಸಾರ್ಟನು ಪತ್ನಿಗೆ ಬರೆದ ಪತ್ರ ಉಳಿದಿದೆ. ತನ್ನ ಹೊಸ ಸಂಗೀತನಾಟಕಕ್ಕೆ ಸಾಲಿಯೇರಿಯನ್ನು ತಾನೇ ಕರೆದೊಯ್ದದ್ದನ್ನೂ, ಅವನು ಮೊದಲಿನಿಂದ ಕೊನೆಯವರೆಗೆ ಪ್ರತಿಯೊಂದು ಭಾಗಕ್ಕೂ ಶಹಬ್ಬಾಸ್ ಹೇಳಿದ್ದನ್ನೂ ಅದರಲ್ಲಿ ಸಂತೋಷದಿಂದ ವರ್ಣಿಸಿದ್ದಾನೆ. ಇನ್ನೂ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ತಂದೆ ತೀರಿಕೊಂಡಾಗ ಐದು ತಿಂಗಳೂ ತುಂಬದ ಕೂಸಾಗಿದ್ದ ಮೊಟ್ಸಾರ್ಟನ ಕಿರಿಯ ಮಗ ಮುಂದೆ ಸಂಗೀತ ಕಲಿತ ಗುರುಗಳಲ್ಲಿ ಸಾಲಿಯೇರಿಯೂ ಒಬ್ಬ. ಗಂಡನಿಗೆ ವಿಷವಿಕ್ಕಿದವನ ಬಳಿಗೆ ಯಾವ ತಾಯಿ ಮಗನನ್ನು ಪಾಠಕ್ಕೆ ಕಳುಹಿಸುತ್ತಾಳೆ?

ಬೀಥೋವನ್, ಶೂಬರ್ಟ್, ಲಿಸ್ಟ್ ಮುಂತಾದವರಿಗೂ ಪಾಠ ಹೇಳಿದ ಗುರು ಇವನು. 2015ರಲ್ಲಿ ಪ್ರಾಗ್ ನಗರದ ಸಂಗ್ರಹಾಲಯದಲ್ಲಿ, ಅಸ್ವಸ್ಥಳಾಗಿದ್ದ ಗಾಯಕಿಯೊಬ್ಬಳು ಚೇತರಿಸಿಕೊಂಡ ಸಂತೋಷಕ್ಕಾಗಿ ಇವರಿಬ್ಬರೂ 1785ರಲ್ಲಿ ಸೇರಿ ಸ್ವರ ಸಂಯೋಜಿಸಿದ ಕೃತಿಯೊಂದು ದೊರೆಯಿತು. ವೃತ್ತಿಯ ಪೈಪೋಟಿ ಅವರಲ್ಲಿ ಇದ್ದಿರಬಹುದು. ಯಾವ ಕಲಾವಿದರಲ್ಲಿ ಇಲ್ಲ? ಅಲ್ಲಿಂದ ಕೊಲೆಯವರೆಗೆ ಬಹಳ ದೂರ.

ಶಾಫರನ ಪರವಾಗಿ ಹೇಳಬೇಕಾದದ್ದೂ ಇದೆ. ಅವನ ನಾಟಕದಲ್ಲಿ ಕಥೆ ಹೇಳುವವನು ಬುದ್ಧಿ ಕಲಕಿದ ವೃದ್ಧ ಸಾಲಿಯೇರಿ; ಆದ್ದರಿಂದ ಹೇಳಿದ್ದೆಲ್ಲ ನಿಜವೆಂದು ಲೇಖಕನು ವಾದಿಸುತ್ತಿಲ್ಲ. ಸರಿ. ಆದರೆ ಪ್ರೇಕ್ಷಕನು ಮನೆಗೆ ಒಯ್ಯುವುದು ಆ ಸೂಕ್ಷ್ಮವನ್ನಲ್ಲ, ಹೆಸರನ್ನು. ಚಿತ್ರದ ಪ್ರಸಿದ್ಧಿಯಿಂದ ಸಾಲಿಯೇರಿಯ ಸಂಗೀತಕ್ಕೆ ಮತ್ತೆ ಕೇಳುಗರು ದೊರೆತರೆಂದು ಸಮಾಧಾನ ಹೇಳುವವರಿದ್ದಾರೆ. 2004ರಲ್ಲಿ ಮಿಲಾನಿನ ಪ್ರಸಿದ್ಧ ಲಾ ಸ್ಕಾಲಾ ರಂಗಮಂದಿರ ಜೀರ್ಣೋದ್ಧಾರಗೊಂಡು ಪುನಃ ತೆರೆದದ್ದು ಅವನ ಕೃತಿಯಿಂದಲೇ. ನಿಂದೆಯ ಮೂಲಕ ಬಂದ ಕೀರ್ತಿಯನ್ನು ಅವನು ಬಯಸುತ್ತಿದ್ದನೇ ಎಂದು ಕೇಳುವವರಾರು?

ಗಮನಿಸಬೇಕಾದದ್ದು ಇಷ್ಟು: ಇಂತಹ ಕಥೆಗಳಲ್ಲಿ ಪೆಟ್ಟು ಬೀಳುವುದು ನಾಯಕನಿಗಲ್ಲ, ಅವನ ಪಕ್ಕದಲ್ಲಿ ನಿಂತವನಿಗೆ. ನಮ್ಮಲ್ಲಿಯೂ ಇದಕ್ಕೆ ಉದಾಹರಣೆ ದೂರವಿಲ್ಲ. ತ್ಯಾಗರಾಜರ ಅಣ್ಣನನ್ನು ನೆನೆಯಿರಿ. ತಮ್ಮನ ರಾಮವಿಗ್ರಹಗಳನ್ನು ಕಾವೇರಿಗೆ ಎಸೆದ ದುಷ್ಟನೆಂದು ಹರಿಕಥೆಗಳಲ್ಲಿ ಕೇಳಿದ್ದೇವೆ, ತೆರೆಯ ಮೇಲೆ ನೋಡಿದ್ದೇವೆ. ಅವನ ಕಡೆಯ ಮಾತು ಒಂದೂ ನಮಗೆ ತಲುಪಿಲ್ಲ. ರಾಜಸಂಭಾವನೆಯನ್ನು ತಮ್ಮನು ನಿರಾಕರಿಸಿದಾಗ, ಸಂಸಾರದ ಖರ್ಚುವೆಚ್ಚ ನೋಡಬೇಕಾದ ಅಣ್ಣನಿಗೆ ಏನೆನಿಸಿರಬಹುದು? ಅವನನ್ನು ಖಳನನ್ನಾಗಿ ಮಾಡದೆಯೂ ತ್ಯಾಗರಾಜರ ವೈರಾಗ್ಯವನ್ನು ತೋರಿಸಬಲ್ಲ ಲೇಖಕನೇ ಸಮರ್ಥನೆಂದು ನನ್ನ ಎಣಿಕೆ.

ಈ ವಿಷಯದಲ್ಲಿ ನಮ್ಮ ದಾಸಪರಂಪರೆಯ ಕಥೆಗಾರರ ವಿವೇಕವನ್ನು ಮೆಚ್ಚಬೇಕು. ಶ್ರೀವ್ಯಾಸರಾಜರು ಬಾಳೆಹಣ್ಣು ಕೊಟ್ಟು, ಯಾರೂ ಕಾಣದೆಡೆಯಲ್ಲಿ ತಿಂದು ಬನ್ನಿರೆಂದ ಪ್ರಸಂಗವನ್ನು ಎಲ್ಲರೂ ಬಲ್ಲಿರಿ. ಭಗವಂತನು ಕಾಣದ ಎಡೆಯಿಲ್ಲವೆಂದು ಹಣ್ಣಿನೊಡನೆ ಹಿಂದಿರುಗಿದವರು ಕನಕದಾಸರು. ಕದ್ದು ತಿಂದು ಬಂದ ಶಿಷ್ಯರ ಹೆಸರೇನು? ಕಥೆ ಹೇಳುವುದಿಲ್ಲ. ಕನಕದಾಸರ ಮಹಿಮೆಗೆ ಅದರಿಂದ ಕೊರತೆಯೇನೂ ಆಗಲಿಲ್ಲ. ಯಾವ ವಂಶದವರೂ ಆ ಕಥೆ ಕೇಳಿ ತಲೆತಗ್ಗಿಸಬೇಕಾಗಿ ಬರಲಿಲ್ಲ.

ಮುಂದಿನ ಆರಾಧನೆಗೆ ಮಕ್ಕಳಿಂದ ನಾಟಕವಾಡಿಸುವ ಉತ್ಸಾಹ ನಮ್ಮ ತರುಣರಲ್ಲಿದೆ. ಕಥೆಗೆ ಒಬ್ಬ ಮತ್ಸರಿ ಬೇಕೇಬೇಕೆಂದಾದರೆ, ಬಾಳಿಹೋದವರ ಹೆಸರನ್ನು ಬಿಟ್ಟು ಹೊಸ ಹೆಸರನ್ನಿಡಿ. ಯಾವ ದೃಶ್ಯಗಳು ಪರಂಪರೆಯಿಂದ ಬಂದವು, ಯಾವುವು ನಿಮ್ಮ ಕಲ್ಪನೆ ಎಂಬುದನ್ನು ಆಮಂತ್ರಣಪತ್ರಿಕೆಯ ಹಿಂಬದಿಯಲ್ಲಿ ನಾಲ್ಕು ಸಾಲುಗಳಲ್ಲಿ ಅಚ್ಚುಹಾಕಿಸಿ. ಕನ್ನಡ ಓದಲು ಬಾರದ ಮಕ್ಕಳಿಗಾಗಿ ಅದೇ ಸಾಲುಗಳನ್ನು ದೇವನಾಗರಿ ಲಿಪಿಯಲ್ಲಿಯೂ ಕೊಡಿ.