ಸಿನಿಮಾ ಹಾಡಾದ ವಚನ

(ಪುಲಿಕೇಶಿನಗರದ ವಚನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಈ ಬಡಾವಣೆಗೆ ಬಾದಾಮಿಯ ದೊರೆ ಪುಲಿಕೇಶಿಯ ಹೆಸರಿದೆ. ಆ ಬಾದಾಮಿಯೂ ನಮ್ಮ ಕೂಡಲಸಂಗಮವೂ ಇಂದು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿವೆ. ಹೆಸರು ಅಷ್ಟು ದೂರದಿಂದ ಬಂದರೂ ಆಟೋದವರಿಗೆ ಫ್ರೇಜರ್ ಟೌನ್ ಎಂದರೇ ಬೇಗ ತಿಳಿಯುತ್ತದೆ, ಇರಲಿ. ಬೀದಿಗಿಳಿದರೆ ತಮಿಳು, ಉರ್ದು, ಇಂಗ್ಲಿಷ್. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಮನೆ ಬಿಟ್ಟರೆ ಕನ್ನಡ ಸಿಗುವುದು ಸಿನಿಮಾ ಹಾಡಿನಲ್ಲಿ. ಎಷ್ಟೋ ಮಕ್ಕಳಿಗೆ ವಚನವೂ ಅಲ್ಲಿಯೇ ಸಿಕ್ಕಿದೆ. ಆದ್ದರಿಂದ ವಚನ ಗೋಷ್ಠಿಯಲ್ಲಿ ಸಿನಿಮಾ ಮಾತೇಕೆ ಎಂದು ಮೂಗು ಮುರಿಯಬೇಡಿ.

ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿ ಕೂಡಿಸಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ. 36 ವರ್ಷಗಳ ನಂತರ, 1959ರಲ್ಲಿ, ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ 'ಜಗಜ್ಯೋತಿ ಬಸವೇಶ್ವರ' ತೆರೆಗೆ ಬಂತು. ಬಸವಣ್ಣನವರ ಪಾತ್ರ ಮಾಡಿದ ಹೊನ್ನಪ್ಪ ಭಾಗವತರ್ ಸ್ವತಃ ಗಾಯಕರು. ಪುಸ್ತಕ ಓದಲು ಬಾರದವರಿಗೂ, ಇಷ್ಟಲಿಂಗ ಕಟ್ಟದ ಮನೆಗಳಿಗೂ ಶರಣರ ಮಾತು ಮುಟ್ಟಲು ಸಿನಿಮಾ ದಾರಿಯಾಯಿತು. ಈ ಉಪಕಾರ ಸಣ್ಣದೆನ್ನಲಾರೆ.

ಆದರೆ ಹಾಡಿನ ಕಟ್ಟು ಬೇರೆ, ವಚನದ ನಡಿಗೆ ಬೇರೆ. ಸಿನಿಮಾ ಹಾಡಿಗೆ ಪಲ್ಲವಿ ಬೇಕು, ಚರಣ ಬೇಕು. ಒಂದೊಂದು ಚರಣ ಮುಗಿದಾಗಲೂ ಗಾಯಕರು ಪಲ್ಲವಿಗೆ ಮರಳುತ್ತಾರೆ. ವಚನಕ್ಕೆ ಪಲ್ಲವಿಯಿಲ್ಲ. ಅದು ಒಂದು ಮಾತಿನಿಂದ ಹೊರಟು, ನಿತ್ಯದ ಬದುಕಿನ ಒಂದು ಉದಾಹರಣೆ ಹಿಡಿದು, ಕೇಳುವವನಿಗೆ ತಪ್ಪಿಸಿಕೊಳ್ಳಲು ಜಾಗ ಬಿಡದೆ ಅಂಕಿತದ ಮುಂದೆ ತಂದು ನಿಲ್ಲಿಸುತ್ತದೆ. ಅದರ ಏಟು ಇರುವುದು ಕೊನೆಯಲ್ಲಿ. ರಾಗ ಹಾಕುವವರು ಸಾಮಾನ್ಯವಾಗಿ ಮೊದಲ ಸಾಲನ್ನೇ ಪಲ್ಲವಿ ಮಾಡುತ್ತಾರೆ. ಅಂಕಿತ ಮುಗಿದ ಕೂಡಲೇ ಮತ್ತೆ ಅಲ್ಲಿಗೇ ಬರುತ್ತಾರೆ. ಹೊರಟಲ್ಲಿಗೇ ಬಂದು ನಿಂತರೆ ಪ್ರಶ್ನೆ ಎಲ್ಲಿ ಉಳಿಯಿತು? ಉಳ್ಳವರ ಗುಡಿಯನ್ನು ಪ್ರಶ್ನಿಸಿದ ವಚನ ಈಗ ಗುಡಿಯ ಮೈಕಿನಲ್ಲೇ ಮೊಳಗುತ್ತದೆ, ಯಾರಿಗೂ ಚುರುಕು ಮುಟ್ಟುವುದಿಲ್ಲ!

ಸಂಗೀತವೇ ಬೇಡವೆಂಬ ವಾದ ನನ್ನದಲ್ಲ. ತಮಗೆ ಛಂದಸ್ಸಿನ ಶಾಸ್ತ್ರ ತಿಳಿಯದೆಂದ ಬಸವಣ್ಣನವರು ಹಾಡುವುದನ್ನೇನೂ ಬಿಡಲಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಅವರೂ ಸಾಲುಗಳನ್ನು ತಿರುತಿರುಗಿ ಹಾಡಿದವರೇ. ಆದರೆ ಅವರು ಒಂದು ಮಾತಿನ ಮೇಲೆ ನಿಂತು, ಅದನ್ನು ಹಿಗ್ಗಿಸಿ ಹಾಡುವಾಗ ಕೇಳುವವನಿಗೆ ಯೋಚಿಸಲು ಹೊತ್ತು ಸಿಗುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಆ ಹೊತ್ತು ಎಲ್ಲಿಂದ ಬರಬೇಕು?

ಟಿ.ಎಸ್. ನಾಗಾಭರಣರ 'ಅಲ್ಲಮ' ಸಿನಿಮಾವನ್ನೂ ಇಲ್ಲಿ ನೆನೆಯಬೇಕು. 2016ನೇ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದರ ಹಾಡುಗಳಿಗೂ ಹಿನ್ನೆಲೆ ಸಂಗೀತಕ್ಕೂ ಬಾಪು ಪದ್ಮನಾಭರಿಗೆ ಗೌರವ ಸಂದಿತು. ಅಲ್ಲಮರ ಕಥೆಯೇ ನಾದದಿಂದ ಶುರುವಾಗುತ್ತದೆ; ಹರಿಹರನ ರಗಳೆಯಲ್ಲಿ ಅವರು ಮದ್ದಳೆ ನುಡಿಸುವವರು. ಮುಂದೆ ಅದೇ ಪ್ರಭುದೇವರು ಬೆಡಗಿನ ವಚನಗಳನ್ನು ನುಡಿದರು. ಬೆಡಗೆಂದರೆ ಒಗಟು. ಬಿಡಿಸದೆ ದಾಟಿದರೆ ಅದು ಬರೀ ವಿಚಿತ್ರ ಮಾತು. ಪ್ರಶಸ್ತಿ ಬಂತೆಂದು ನಾವೆಲ್ಲ ಹಿಗ್ಗಿದೆವು, ಸರಿ. ಅಲ್ಲಮರ ಒಂದು ವಚನ ಹಾಡಾಗಿ ಕಿವಿಗೆ ಬಿದ್ದ ಮೊಮ್ಮಗ "ಅಜ್ಜಾ, ಇದರ ಅರ್ಥ ಏನು?" ಎಂದು ಕೇಳಿದರೆ ಕೂತು ಬಿಡಿಸಿ ಹೇಳಲು ನಮ್ಮಲ್ಲಿ ಎಷ್ಟು ಜನ ಸಿದ್ಧರಿದ್ದೇವೆ? ಆ ಕೆಲಸವನ್ನು ಸಂಗೀತ ನಿರ್ದೇಶಕರ ತಲೆಗೆ ಕಟ್ಟಲಾಗದು.

ಬಸವ ಜಯಂತಿಯ ಪೆಂಡಾಲಿನಲ್ಲಿ ದಿನವಿಡೀ ಹಾಡು ಹಾಕುತ್ತೇವೆ. ಹಾಕೋಣ. ಹಾಕುವ ಮೊದಲು ಆ ವಚನವನ್ನು ಒಬ್ಬರು ರಾಗವಿಲ್ಲದೆ, ಮಾತಿನಂತೆ, ಅಂಕಿತದವರೆಗೆ ಓದಲಿ. ಪಕ್ಕದ ಮನೆಯ ತಮಿಳರಿಗೆ, ಮುಸ್ಲಿಂ ಬಂಧುಗಳಿಗೆ ಅರ್ಥವಾಗುವಂತೆ ಅವರ ಭಾಷೆಯಲ್ಲಿ ಎರಡು ಮಾತು ಹೇಳಲು ಬರುವವರು ನಮ್ಮಲ್ಲೇ ಇದ್ದಾರೆ, ಅವರನ್ನು ಮುಂದೆ ಕರೆಯಿರಿ.

ಮುಂದಿನ ಗೋಷ್ಠಿಯಲ್ಲಿ ಮಕ್ಕಳು ತಮಗೆ ಗೊತ್ತಿರುವ ಸಿನಿಮಾ ವಚನವೊಂದನ್ನು ಹಾಡಲಿ. ಆಮೇಲೆ ಅದನ್ನೇ ಪುಸ್ತಕದಿಂದ ಓದೋಣ. ಯಾವ ಸಾಲು ಬಿಟ್ಟುಹೋಗಿದೆ, ಯಾವುದು ಹಿಂದುಮುಂದಾಗಿದೆ ಎಂದು ಅವರೇ ಹುಡುಕಲಿ. ಪುಸ್ತಕ ನಾನು ತರುತ್ತೇನೆ.